ಎಸಿ ಮೇಲಿನ ಗೂಡು

ನವೆಂಬರ್ ೮, ಶನಿವಾರ. ಮಧ್ಯಾಹ್ನ ೩.೩೦

ಕೆಲಸದ ಕ್ಯಾಂಪಿನಿಂದ ತಂದ ವಾರದ ಬಟ್ಟೆ ಮೆಷಿನ್‌ಗೆ ಹಾಕಿ ಮಲಗಿದ್ದೆ. ಎದ್ದಾಗ ಮನೆಯಲ್ಲಿ ಸದ್ದಿಲ್ಲ. ಎಲ್ಲರೂ ಹಿತ್ತಲಲ್ಲಿ. ಎಸಿಯ ಔಟ್‌ಡೋರ್ ಯೂನಿಟ್ ಮೇಲೆ ಬೆಳವ ಹಕ್ಕಿ ಗೂಡು ಕಟ್ಟಿದೆ, ಎರಡು ಮೊಟ್ಟೆ. ಮಗ ಡ್ಯಾರಲ್, ಬ್ರಾಯನ್‌ನ ಹೆಗಲ ಮೇಲೆ. ಹೆಂಡತಿ ಶೆರಿಲ್ ಚಹಾ ಹಿಡಿದು ನಗುತ್ತಿದ್ದಳು. ನೆರಳು, ಗಾಳಿ, ಎಷ್ಟು ಚಂದದ ಮಧ್ಯಾಹ್ನ. ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಹತ್ತಿರ ಹೋದೆ.

"ಸ್ಲೋಲಿ ಡಾಡಾ! ಶೀ ವಿಲ್ ಫ್ಲೈ!" ಏಳು ವರ್ಷದ ಮಗ ಗದರಿಸಿದ.

"ಕಾನ್ರಾಡ್ ಭಾವ, ಇಲ್ಲಿ ಕೂತ್ಕೊಳ್ಳಿ. ಇಲ್ಲಿಂದ ಲಾಯ್ಕ ಕಾಣ್ತದೆ," ಬ್ರಾಯನ್ ಕುರ್ಚಿ ಎಳೆದು ಕೊಟ್ಟ. ನನ್ನ ಮನೆಯಲ್ಲಿ, ನನಗೆ!

ಶೆರಿಲಳ ತಮ್ಮ. ಊರಿಂದ ವಿಸಿಟ್ ವಿಸಾದಲ್ಲಿ ಕೆಲಸ ಹುಡುಕಲು ಬಂದವನು. ನಾನು ಈ ಮನೆಯಲ್ಲಿ ವಾರಕ್ಕೆ ಎರಡು ದಿನ. ಅವನು ಏಳು ದಿನ.

ನವೆಂಬರ್ ೯, ಭಾನುವಾರ. ಸಂಜೆ

ಕಾರಿಗೆ ಬ್ಯಾಗ್ ಹಾಕಿದೆ. ಡ್ಯಾರಲ್ "ಬೈ ಡಾಡಾ" ಅಂದ, ಗೂಡಿನಿಂದ ಕಣ್ಣು ತೆಗೆಯದೆ. ಹಿಂದೆಲ್ಲ ಗೇಟಿನವರೆಗೆ ಓಡಿ ಬರುತ್ತಿದ್ದ...

ನವೆಂಬರ್ ೧೨, ಬುಧವಾರ. ಮದೀನತ್ ಜಾಯೆದ್ ಕ್ಯಾಂಪ್, ಲಂಚ್ ಅವರ್

ನಮ್ಮ ಕಂಪನಿಯ ಅಡ್ಮಿನ್‌ನ ಧರ್ಮಪಾಲರು ಬಂದು ಹೇಳಿದರು — ಇನ್ನೂ ಒಳಗಿನ ಒಂದು ಸೈಟ್‌ಗೆ ಸ್ಟೋರ್‌ಕೀಪರ್ ಬೇಕಂತೆ. ಮರಳುಗಾಡು. ಎರಡು ತಿಂಗಳಿಗೊಮ್ಮೆ ರಜೆ.

"ನಿಮ್ಮ ಭಾವಮೈದುನ ಇದ್ದಾರಲ್ಲ, ಕೇಳಿ ನೋಡಿ. ಅವಸರ ಇಲ್ಲ ಮಾರಾಯ್ರೆ, ಹತ್ತು ದಿನ ಕಾಯ್ತೇವೆ."

ಬ್ರಾಯನ್‌ಗೆ ಇಪ್ಪತ್ತನೇ ತಾರೀಕಿಗೆ ದುಬೈಯ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಎರಡನೇ ಇಂಟರ್‌ವ್ಯೂ. ಅದು ಸಿಕ್ಕಿದರೆ ದುಬೈ. ಪ್ರತಿ ವೀಕೆಂಡ್ ನಮ್ಮ ಮನೆಯಲ್ಲೇ, ಅದೇ ಹಿತ್ತಲು, ಅದೇ ಹೆಗಲು.

ಕೇಳಲಿಲ್ಲ. ಐದೇ ನಿಮಿಷದಲ್ಲಿ ಅವನ ಸಿವಿ ಕಳಿಸಿದೆ.

ನವೆಂಬರ್ ೧೫, ಶನಿವಾರ

ಊಟಕ್ಕೆ ಕೂತಾಗ ಹೇಳಿದೆ. ಬ್ರಾಯನ್ ಅನ್ನ ಕಲಸುವುದನ್ನು ನಿಲ್ಲಿಸಿದ.

"ದುಬೈಯದ್ದು ನೋಡಿ ಹೇಳ್ಲಿಕ್ಕೆ ಆಗ್ತದಾ ಭಾವ?"

"ಅವರು ಕಾಯುವುದಿಲ್ಲ. ನಿನ್ನ ವಿಸಾ ಇಪ್ಪತ್ತಮೂರಕ್ಕೆ ಮುಗೀತದೆ. ಯೋಚನೆ ಮಾಡು."

ಎಷ್ಟು ಸಲೀಸಾಗಿ ಬಂತು ಸುಳ್ಳು.

ಯೋಚಿಸಿ ಒಪ್ಪಿದ. ಶೆರಿಲ್ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಅತ್ತಳು. "ನನ್ನ ತಮ್ಮನಿಗೆ ನಿಮ್ಮಷ್ಟು ಯಾರೂ ಮಾಡ್ಲಿಲ್ಲ." ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಡಿಸೆಂಬರ್ ೬, ಶನಿವಾರ. ಮಧ್ಯಾಹ್ನ ೪

ಮೂರು ವಾರ ಬರೆಯಲಿಲ್ಲ. ಬ್ರಾಯನ್ ಸೈಟ್‌ಗೆ ಹೋಗಿ ಹದಿನೆಂಟು ದಿನ, ದುಬೈ ಇಂಟರ್‌ವ್ಯೂ ಬಿಟ್ಟೇ ಹೋದ.

ಇವತ್ತು ಹಿತ್ತಲಲ್ಲಿ ನಾನು, ಡ್ಯಾರಲ್. ಮರಿಗಳು ಎಸಿಯ ಅಂಚಿಗೆ ಬಂದು ನಿಂತಿದ್ದವು. ಒಂದು ಹಾರಿತು, ಕಾಂಪೌಂಡ್ ಗೋಡೆಯವರೆಗೆ. ನಾನು ಚಪ್ಪಾಳೆ ತಟ್ಟಿದೆ. ಅವನು ತಟ್ಟಲಿಲ್ಲ. ನನ್ನ ಫೋನ್ ಕೇಳಿದ.

"ಬ್ರಾಯನ್ ಮಾಮ್! ಇಟ್ ಫ್ಲೂ!"

ಸ್ಕ್ರೀನಿನಲ್ಲಿ ಹೆಲ್ಮೆಟ್, ಧೂಳು ಹಿಡಿದ ಮುಖ. ಇಬ್ಬರೂ ನಗು. ಅಷ್ಟು ದೂರ ಕಳಿಸಿದ ಮೇಲೂ ನನ್ನ ಹೊಟ್ಟೆ ಉರಿಯಿತು. ನಾಚಿಕೆಯಾಗಬೇಕು.

ಫೋನ್ ನನ್ನ ಕೈಗೆ ಬಂತು.

"ಭಾವ, ಇಲ್ಲಿ ಸ್ವಲ್ಪ ಕಷ್ಟವೇ. ಆದರೆ ನಿಮ್ಮ ಹೆಸರು ಹಾಳು ಮಾಡುದಿಲ್ಲ. ಆಯ್ತಾ?"

ಫೋನ್ ಇಟ್ಟೆ.

ಬಟ್ಟೆಯ ಬಕೆಟ್ ಹಿಡಿದು ಬಂದ ಶೆರಿಲ್ ಅಂದಳು, "ನಿನ್ನೆ ದುಬೈಯವರು ಬ್ರಾಯನ್‌ನನ್ನು ಕೇಳಿ ಫೋನ್ ಮಾಡಿದ್ರು. ಇನ್ನೂ ಯಾರನ್ನೂ ತೆಗೊಳ್ಳಲಿಲ್ಲವಂತೆ. ಆಗಿದ್ದಾಯ್ತು... ನೀವು ಮಾಡಿಸಿದ ಕೆಲಸ ಬಿಡ್ಲಿಕ್ಕುಂಟಾ ಅಂತ ನಾನೇ ಬೇಡ ಹೇಳಿ ಖಲಾಸ್ ಮಾಡ್ದೆ."

ದುಬೈಯವರಿಗೆ ಇನ್ನೂ ಫೋನ್ ಮಾಡಬಹುದು. ಮಾಡಿದರೆ ಶೆರಿಲ್ ಯಾಕೆ ಅಂತ ಕೇಳುತ್ತಾಳೆ. ಬಟ್ಟೆ ಒಣಹಾಕುತ್ತಿದ್ದಾಳೆ, ಬಕೆಟ್‌ನಲ್ಲಿ ಇನ್ನು ನಾಲ್ಕೇ ಬಟ್ಟೆ. ಮುಗಿಸಿದ ಕೂಡಲೇ ಹೇಳಿಬಿಡಬೇಕು. ಮೊದಲ ಮಾತು — ಶೆರಿಲ್, ಆವತ್ತು ಧರ್ಮಪಾಲರು ಹತ್ತು ದಿನ ಕಾಯ್ತೇವೆ ಅಂದಿದ್ರು, ನಾನೇ—