ನಾಲ್ಕನೇ ಗಾಡಿ ಎಲ್ಲಿದೆ

ನವೆಂಬರ್ 3, 1997, ಸೋಮವಾರ

ರಾಯ್ಸ್ ಡ್ಯೂಟಿಗೆ ಹೊರಟ. ಗೇಟಿನಾಚೆ ಕಾರಿನ ಸದ್ದು ಕರಗುವ ತನಕ ಪಾತ್ರೆ ತೊಳೆಯುತ್ತಲೇ ಇದ್ದೆ. ಆಮೇಲೆ ಬಚ್ಚಲಿನ ಕಪಾಟು. ಮುಟ್ಟಿನ ಪ್ಯಾಡಿನ ಡಬ್ಬದೊಳಗೆ ಸ್ಕ್ಯಾನರ್, ಪೊಲೀಸರ ರೇಡಿಯೋ ಮಾತು ಕೇಳಿಸುವ ಪುಟ್ಟ ಪೆಟ್ಟಿಗೆ. ಈ ಮನೆಯಲ್ಲಿ ಅವನು ಕೈ ಹಾಕದ ಜಾಗ ಅದೊಂದೇ. ಇಯರ್‌ಫೋನ್ ಕಿವಿಗೆ. ಕೆಂಪು ದೀಪ ಚಾನೆಲ್‌ನಿಂದ ಚಾನೆಲ್‌ಗೆ ಓಡುತ್ತದೆ... ರಸ್ತೆ ರಿಪೇರಿಯವರು, ಶಾಲಾ ಬಸ್ಸು, ಫೈರ್ ಎಂಜಿನ್. ಶೆರಿಫ್ ಆಫೀಸಿನ ಪೊಲೀಸ್ ಚಾನೆಲ್ಲಿನಲ್ಲಿ ನಿಂತಿತು.

"ನಾಲ್ಕನೇ ಗಾಡಿ, ಡ್ಯೂಟಿ ಶುರು."

ಅವನೇ. ಹೊರಗಿನವರ ಜೊತೆ ಎಷ್ಟು ಮೆತ್ತಗೆ ಮಾತಾಡುತ್ತಾನೆ ನನ್ನ ಗಂಡ. ಉಸಿರು ಬಿಟ್ಟೆ. ದನಿ ಅಲ್ಲಿದ್ದರೆ ಅವನೂ ಅಲ್ಲಿ.

ನವೆಂಬರ್ 6

ಇಡೀ ಬೆಳಗ್ಗೆ ರೇಡಿಯೋದಲ್ಲಿ ಅವನ ಸದ್ದಿಲ್ಲ. ಅದೇ ಭಯ. ಸದ್ದಿಲ್ಲ ಅಂದರೆ ಎಲ್ಲಿ ಬೇಕಾದರೂ ಇರಬಹುದು. ಹೋದ ತಿಂಗಳು ಹೀಗೇ ಸುಮ್ಮನಿದ್ದವನು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಿದ್ದ. "ಯಾರ ಜೊತೆ ಇದ್ದೆ?" ಅಂತ.

ನನ್ನ ಪಿಕಪ್ಪಿನ ಕೀ ಅವನ ಬೆಲ್ಟಿನಲ್ಲಿ. ಫೋನ್ ಬಿಲ್ ಬಂದರೆ ಒಂದೊಂದು ನಂಬರಿನ ಕೆಳಗೂ ಪೆನ್ನಿನ ಗೆರೆ. ಜುಲೈಯಲ್ಲಿ ಒಮ್ಮೆ ಪೊಲೀಸಿಗೆ ಕರೆದೆ. ಬಂದವನು ವೆಂಡೆಲ್, ರಾಯ್ಸ್ ಜೊತೆ ಜಿಂಕೆ ಬೇಟೆಗೆ ಹೋಗುವವನು. ಕಾಫಿ ಕುಡಿದ. "ನೆಡೀನ್, ನಮ್ಮ ಕೆಲಸದ ಟೆನ್ಷನ್ ನಿಂಗೆ ಗೊತ್ತಲ್ಲಮ್ಮ" ಅಂದ. ಹೋದ. ಆ ರಾತ್ರಿಯ ಬಗ್ಗೆ ಬರೆಯಲಾರೆ.

ಸ್ಕ್ಯಾನರ್ ಕೊಟ್ಟದ್ದು ಪಕ್ಕದ ರ‍್ಯಾಂಚಿನ ಐಯೋಲಾ ರಾಸ್ಕ್. ಟವೆಲ್ಲಿನಲ್ಲಿ ಸುತ್ತಿ, ಮೇಲೆ ಪೈ ತಟ್ಟೆ ಇಟ್ಟು. "ನಮ್ಮೆಜಮಾನ್ರದ್ದು. ಹಿಮ ಬಿದ್ದು ರಸ್ತೆ ಮುಚ್ಚಿದ್ರೆ ಗೊತ್ತಾಗತ್ತೆ ಮಗಳೇ" ಅಂದಳು. ಹಿಮದ ಮಾತು ಅಲ್ಲ ಅದು. ಇಬ್ಬರಿಗೂ ಗೊತ್ತಿತ್ತು.

ನವೆಂಬರ್ 9, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ರಾಯ್ಸ್ ಗಂಡಸರ ಟೇಬಲ್ಲಿನಲ್ಲಿ ನಗುತ್ತಿದ್ದ. ಆಲೂಗಡ್ಡೆ ಬಡಿಸುವಾಗ ಅಂಗಿಯ ತೋಳು ಮೇಲೆ ಸರಿಯಿತು. ಪಕ್ಕದಲ್ಲಿದ್ದ ವೆರ್ಲಾ ಕೈ ಮೇಲಿನ ಕಂದಿದ ಗುರುತು ನೋಡಿಬಿಟ್ಟಳು. ಶೆರಿಫ್ ಆಫೀಸಿನ ಮೈಕಿನ ಮುಂದೆ ಕೂತು ಗಾಡಿಗಳನ್ನು ಕಳಿಸುವವಳು ಅವಳೇ. ದಿನವೂ ನನ್ನ ಕಿವಿಯಲ್ಲಿರುವವಳು. ಎದುರೆದುರು ಮಾತಾಡಿದ್ದು ಕಮ್ಮಿ.

"ನಮ್ಮಮ್ಮ ಅಡುಗೆಮನೇಲಿ ಸ್ಕ್ಯಾನರ್ ಹಾಕ್ಕೊಂಡೇ ಇರ್ತಾಳೆ," ಅಂದಳು, ಚಮಚ ಒರೆಸುತ್ತಾ. "ನೀನೂ ಕೇಳ್ತೀಯಾ?"

ತಟ್ಟೆಗಳನ್ನು ಜೋಡಿಸಿದೆ.

"ಸರಿ ಬಿಡು. ಕೇಳೋರು ಕೇಳ್ಲಿ. ನಾನಂತೂ ಜಾಸ್ತಿ ಮಾತಾಡೋಳೇ."

ನವೆಂಬರ್ 12

ಸೋಮವಾರದಿಂದ ಹೀಗೇ. "ನಾಲ್ಕನೇ ಗಾಡಿ, ಎಲ್ಲಿದ್ದೀರಿ?" ಸ್ವಲ್ಪ ಹೊತ್ತಿಗೆ ಮತ್ತೆ. "ನಾಲ್ಕನೇ ಗಾಡಿ, ಎಲ್ಲಿದ್ದೀರಿ?" ಅವನು ಹೇಳಲೇಬೇಕು. ಧಾನ್ಯದ ಗೋದಾಮು. ಹೈವೇ. ಪೆಟ್ರೋಲ್ ಬಂಕ್. ಮೊದಲ ಸಲ ಬೆಳಗ್ಗೆ ಸೋಫಾದಲ್ಲಿ ಮಲಗಿ ನಿದ್ದೆ ಮಾಡಿದೆ, ಇಯರ್‌ಫೋನ್ ಕಿವಿಯಲ್ಲೇ.

ರಾತ್ರಿ ಊಟಕ್ಕೆ ಕೂತು ಬೈಯುತ್ತಿದ್ದ. "ಆ ವೆರ್ಲಾ ಮುದುಕಿಗೆ ತಲೆ ಕೆಟ್ಟಿದೆ ಕಣೇ. ಉಚ್ಚೆ ಹೊಯ್ಯೋಕೆ ಹೋದ್ರೂ ಎಲ್ಲಿದ್ದೀರಿ ಅಂತಾಳೆ. ನನ್ನ ಹೆಂಡ್ತಿನಾ ಅವಳು?"

"ವಯಸ್ಸಾಯ್ತಲ್ಲ," ಅಂದೆ. ಉಪ್ಪು ತರುವ ನೆಪದಲ್ಲಿ ಎದ್ದೆ. ಬೆನ್ನು ತಿರುಗಿಸಿ ನಕ್ಕೆ... ಎಷ್ಟು ಕಾಲದ ಮೇಲೆ.

ನವೆಂಬರ್ 29

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನನಗೇ ಓದಲು ಬರುವುದಿಲ್ಲ.

ಕಸದ ಬುಟ್ಟಿಯಲ್ಲಿ ಸ್ಕ್ಯಾನರಿನ ಹಳೆ ಬ್ಯಾಟರಿ ಸಿಕ್ಕಿತು ಅವನಿಗೆ. ಕಾಗದದಲ್ಲಿ ಸುತ್ತಿ ತಳಕ್ಕೆ ಹಾಕಿದ್ದೆ. ಆದರೂ.

"ಇದೇನೇ?"

"ಗೋಡೆ ಗಡಿಯಾರದ್ದು."

ಗಡಿಯಾರ ನೋಡಿದ. ನಾನೂ ನೋಡಿದೆ. ಅದರ ವೈರು ಪ್ಲಗ್ಗಿಗೆ ಇಳಿದಿತ್ತು.

ಡಾಕ್ಟರಿಗೆ ಕಾರಿನ ಬಾಗಿಲಿಗೆ ಕೈ ಸಿಕ್ಕಿತು ಅಂದೆ. ರಾಯ್ಸ್ ಪಕ್ಕದಲ್ಲೇ ನಿಂತಿದ್ದ, ನನ್ನ ಕೋಟು ಹಿಡಿದುಕೊಂಡು. ಮನೆಗೆ ಬಂದು ಡ್ರಾಯರುಗಳು, ಹಾಸಿಗೆ, ಹಿಟ್ಟಿನ ಡಬ್ಬ ಎಲ್ಲ ಸುರಿದ. ಪ್ಯಾಡಿನ ಡಬ್ಬ ಮುಟ್ಟಲಿಲ್ಲ. ಹಬ್ಬದ ಟರ್ಕಿ ಕೋಳಿ ಒಂದೇ ಕೈಯಲ್ಲಿ ಬೇಯಿಸಿದೆ. ರುಚಿಯಾಗಿದೆ ಅಂದ.

ಡಿಸೆಂಬರ್ 4

ಐಯೋಲಾ ಸೇಬಿನ ಪೈ ತಂದಳು. ರಾಯ್ಸ್ ಗ್ಯಾರೇಜಿನಲ್ಲಿದ್ದ. ನನ್ನ ಕೈಯ ಪ್ಲಾಸ್ಟರು ನೋಡಿದವಳ ಮುಖ ಕಲ್ಲಾಯಿತು.

"ನೀನು ಫೋನ್ ಮಾಡ್ಬೇಡ," ಅಂದಳು, ತುಟಿ ಅಲ್ಲಾಡದ ಹಾಗೆ. "ನಮ್ಮನೇಲಿ ಇನ್ನೊಂದು ಸ್ಕ್ಯಾನರ್ ಇದೆ. ವೆರ್ಲಾಗೆ ನಾನೇ ಹೇಳಿರ್ತೀನಿ. ಅವನು ದೂರದ ಕೆಲಸಕ್ಕೆ ಸಿಕ್ಕಿಹಾಕ್ಕೊಂಡ ದಿನ ನಾನೇ ಬರ್ತೀನಿ. ಸೂಟ್‌ಕೇಸ್ ಬೇಡ. ಕೋಟ್ ಹಾಕ್ಕೊಂಡು ನಿಂತಿರು, ಸಾಕು."

"ಅವನು ಬಂದ್ಬಿಟ್ರೆ?"

"ನಂಗೆ ಎಪ್ಪತ್ತಾರು ಕಣೇ ಮಗಳೇ. ನಂಗೇನ್ಮಾಡ್ತಾನೆ?"

ಗ್ಯಾರೇಜಿನ ಬಾಗಿಲ ಸದ್ದು. "ಸಕ್ಕರೆ ಜಾಸ್ತಿ ಆಯ್ತೇನೋ ನೋಡು!" ಅಂತ ಜೋರಾಗಿ ಹೇಳಿ ಎದ್ದಳು.

ಡಿಸೆಂಬರ್ 9, ಬೆಳಗ್ಗೆ

ಕೌಂಟಿಯ ದಕ್ಷಿಣದ ಗಡಿಯ ಹತ್ತಿರ ದನದ ಲಾರಿ ಮಗುಚಿದೆ. ರಸ್ತೆ ತುಂಬ ದನ. ವೆರ್ಲಾ ಎಲ್ಲ ಗಾಡಿಗಳನ್ನೂ ಕಳಿಸುತ್ತಿದ್ದಾಳೆ. "ನಾಲ್ಕನೇ ಗಾಡಿ, ಕ್ರೇನ್ ಬರೋ ತನಕ ಅಲ್ಲೇ ಇರಿ." ಅವನು ಗೊಣಗಿದ. "ಅಲ್ಲೇ ಇರಿ" ಅಂತ ಮತ್ತೆ ಅಂದಳು.

ಇವತ್ತೇ. ಕೋಟು ಹಾಕಿಕೊಂಡೆ. ಪ್ಲಾಸ್ಟರಿನ ಕೈ ತೋಳಿನೊಳಗೆ ಹೋಗುವುದಿಲ್ಲ. ಹೆಗಲ ಮೇಲೆ ಹೊದ್ದೆ. ಕೂರಲಾರೆ. ನಿಂತೇ ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿನ ಮೇಲೆ

ಐಯೋಲಾ ಇನ್ನೂ ಬಂದಿಲ್ಲ.

"ನಾಲ್ಕನೇ ಗಾಡಿ, ಎಲ್ಲಿದ್ದೀರಿ?"

ಉತ್ತರವಿಲ್ಲ.

"ನಾಲ್ಕನೇ ಗಾಡಿ?"

ಇಲ್ಲ. ವೆಂಡೆಲ್ ದನಿ ಬಂತು. "ಅವನು ಹೊರಟ ವೆರ್ಲಾ. ಮನೇಲಿ ಏನೋ ಕೆಲ್ಸ ಇದೆಯಂತೆ." ಕೋಟು ತೆಗೆದು ಮೊಳೆಗೆ ಹಾಕಿಬಿಡಲೇ? ಏನೂ ಆಗಿಲ್ಲ ಅನ್ನುವ ಹಾಗೆ ಪಾತ್ರೆ ತೊಳೆಯಲೇ? ಎಷ್ಟು ಸುಲಭ...

ಮತ್ತೆ ವೆರ್ಲಾ. ದನಿ ನಡುಗುತ್ತಿದೆ, ಆದರೆ ಒಂದೊಂದು ಮಾತೂ ಬಿಡಿಸಿ ಹೇಳಿದಳು. "ಎಲ್ಲರಿಗೂ ತಿಳಿಸ್ತಿದ್ದೀನಿ. ನಾಲ್ಕನೇ ಗಾಡಿ ಹೈವೇಲಿ ಉತ್ತರಕ್ಕೆ ಬರ್ತಿದೆ. ಮನೆ ಬಿಟ್ಟು ಹೊರಡೋರು ಯಾರಾದ್ರೂ ಇದ್ರೆ ಹೈವೇ ಬೇಡ, ಹೊಳೆ ಪಕ್ಕದ ಮಣ್ಣು ರಸ್ತೆ ಹಿಡೀರಿ. ಈಗ್ಲೇ ಹೊರಡಿ."

ಇಡೀ ಕೌಂಟಿ ಕೇಳಿತು. ಅವನೂ ಕೇಳಿದ.

ಗೇಟಿನಲ್ಲಿ ಐಯೋಲಾಳ ಪಿಕಪ್

ಡಿಸೆಂಬರ್ 17, ಅಯೋವಾ

ಅಕ್ಕ ಕೊರಿನ್ ಮನೆ. ಎಂಟು ದಿನ ಬರೆಯಲಾಗಲಿಲ್ಲ.

ಮಣ್ಣು ರಸ್ತೆಯಲ್ಲಿ ಐಯೋಲಾ ಎಲ್ಲೂ ನಿಲ್ಲಿಸದೆ ಓಡಿಸಿದಳು. ದಾರಿಯುದ್ದಕ್ಕೂ ಸ್ಕ್ಯಾನರ್ ನನ್ನ ತೊಡೆಯ ಮೇಲೆ. ಮೈಕಿನಲ್ಲಿ ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಗಡಿ ದಾಟಿದ ಮೇಲೆ ದನಿ ಒಡೆದು ಒಡೆದು ಬಂತು. ಆಮೇಲೆ ಬರೀ ಗೊರಗೊರ ಸದ್ದು.

ವೆರ್ಲಾಳನ್ನು ಕೆಲಸದಿಂದ ತೆಗೆದರಂತೆ. ಐಯೋಲಾ ಪೇಟೆಯ ಫೋನಿನಿಂದ ತಿಳಿಸಿದಳು. ನಾನು ಅತ್ತುಬಿಟ್ಟೆ. "ಅವಳು ಅಳ್ತಿಲ್ಲ, ನೀನ್ಯಾಕೆ ಅಳ್ತೀಯಾ? ಸ್ವೆಟರ್ ಹೆಣೀತಿದ್ದಾಳೆ, ಕೆಟ್ಟದಾಗಿ," ಅಂದಳು.

ಇವತ್ತೂ ಬೆಳಗ್ಗೆ ಸ್ಕ್ಯಾನರ್ ಹಚ್ಚಿದೆ. ಈ ಊರಿನ ದನಿಗಳು. ಹಿಮ ಎತ್ತುವ ಗಾಡಿ, ಯಾರದೋ ಕಳೆದುಹೋದ ನಾಯಿ. "ಸಾಕು ಆರಿಸೇ, ಇಷ್ಟು ದೂರ ಅವನ ದನಿ ಬರಲ್ಲ," ಅಂದಳು ಅಕ್ಕ. ಅದೇ ತೊಂದರೆ ಅಂತ ಹೇಗೆ ಹೇಳಲಿ? ಬರುವುದಿಲ್ಲ, ಅದಕ್ಕೇ ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಕಿಟಕಿಯ ಹತ್ತಿರ ಹೋಗುತ್ತೇನೆ, ಬರುತ್ತೇನೆ. ಮನೆ ಬೇರೆ, ನಡೆದಾಟ ಅದೇ.

ಹೆಂಗಸರಿಗೆ ನೆರವಾಗುವ ಸಂಸ್ಥೆಯ ವಕೀಲೆ ಇವತ್ತು ಬರುತ್ತಾಳೆ. ಅವನು ನನ್ನ ಹತ್ತಿರ ಸುಳಿಯದ ಹಾಗೆ ಕೋರ್ಟಿನ ಆದೇಶಕ್ಕೆ. ಎಲ್ಲ ಹೇಳಬೇಕಂತೆ, ಮೊದಲಿನಿಂದ. ಜುಲೈ ರಾತ್ರಿಯನ್ನೂ.

ಕಾರು ನಿಂತ ಸದ್ದು. ಪರದೆ ಸರಿಸಿ ನೋಡಿದೆ. ಗಿಡ್ಡ ಹೆಂಗಸು, ಹಸಿರು ಟೋಪಿ, ಕೈಯಲ್ಲಿ ಫೈಲು. ಹಿಮದಲ್ಲಿ ಜಾರಿ, ಸಾವರಿಸಿಕೊಂಡು, ತನಗೆ ತಾನೇ ನಗುತ್ತಿದ್ದಾಳೆ.

ಅಕ್ಕ ಎದ್ದಳು. "ನೀ ಕೂತ್ಕೋ," ಅಂದೆ. "ಬಾಗಿಲು ನಾನೇ ತೆಗೀತೀನಿ."