ಗ್ರೀಷ್ಮಾಳ ವಾರ್ಡು

ಐನ್ ಖಾಲಿದ್, ಜುಲೈ ೧೮, ಶುಕ್ರವಾರ

ತೀರಿಹೋದ ಮಗಳು ಗ್ರೀಷ್ಮಾಳ ವರ್ಷಾಂತಿಕಕ್ಕೆ ಬಂದು ಉಂಡವರೆಲ್ಲರಿಗೂ ನಾನು ಕೃತಜ್ಞ. ಅವರ ಕನಿಕರ ಮಾತ್ರ ನನಗೆ ಬೇಡ.

"ಭಾವ, ಮದುವೆಯಾಗದೆ ತೀರಿಹೋದ ಹುಡುಗನೊಬ್ಬನನ್ನು ಹುಡುಕಿ, ಈ ಆಟಿ ತಿಂಗಳಲ್ಲೇ ಅವಳಿಗೆ ಪ್ರೇತಮದುವೆ ಮಾಡಿಸುವ. ಪಾಪ, ಅವಳ ಆಸೆ ಉಳಿಯಬಾರದು," ಎಂದ ಹೆಂಡತಿಯ ತಮ್ಮ ಯಜ್ಞೇಶ್.

ಅವಳ ಆಸೆ ಮದುವೆಯದಾಗಿರಲಿಲ್ಲ. ಚಿಲಿ ದೇಶದ ವೈದ್ಯರೊಬ್ಬರು ರಾಜಕಾರಣಿಯಾದ ಕಥೆಯನ್ನು ಓದಿ, ತಾನೂ ಈ ಕೊಲ್ಲಿ ದೇಶದ ಆಸ್ಪತ್ರೆ ಬಿಟ್ಟು ಊರಿನ ಪಂಚಾಯತಿ ಚುನಾವಣೆಗೆ ನಿಲ್ಲುವೆನೆಂದಿದ್ದಳು. "ಡಾಕ್ಟರಿಗೇಕೆ ರಾಜಕೀಯ?" ಎಂದೆ.

"ಊರಿನ ಬಾವಿಯೇ ಹಾಳಾಗಿರುವಾಗ ನಾನು ಬರೀ ಮಾತ್ರೆ ಕೊಡುತ್ತಾ ಕೂರುವುದಾ, ಪಪ್ಪಾ?" ಎಂದು ನಕ್ಕಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸುತ್ತಿದ್ದ ನಾನು ಅಂದು ಮಗಳಿಗೆ ಸೋತೆ. ಆ ನಗೆಯೆದುರು ಇನ್ನೊಮ್ಮೆ ಸೋಲುವುದಕ್ಕೆ ಮನಸ್ಸು ಎಷ್ಟು ಹಂಬಲಿಸುತ್ತದೆ.

ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಹೋಗುತ್ತೇನೆ. ಬರುವ ಪಂಚಾಯತಿ ಚುನಾವಣೆಯಲ್ಲಿ ಅವಳು ನಿಲ್ಲಬೇಕೆಂದಿದ್ದ ವಾರ್ಡಿನಿಂದ ನಾನು ನಿಲ್ಲುತ್ತೇನೆ.