ಬೆಂಚಿನ ಕಾಲಿನೊಂದಿಗೆ ಬಂದಿಳಿದೆವು

ಅಕ್ಕಾ, ಕ್ಷೇಮವಾಗಿ ತಲುಪಿದೆವು, ಸ್ಟೇಷನ್ನಿನ ಬೆಂಚಿನ ಕಾಲಿನ ಸಮೇತ! ರೈಲು ಬದಲಿಸುವ ಆ ದೊಡ್ಡ ಸ್ಟೇಷನ್ನಿನಲ್ಲಿ ಕಳ್ಳರ ಕಾಟವೆಂದು ನಮ್ಮವರು ನನ್ನ ಮದುವೆ ಸೀರೆಗಳ ಸೂಟ್‌ಕೇಸನ್ನು ಅಪ್ಪ ಕೊಟ್ಟ ಸರಪಳಿಯಿಂದ ಬೆಂಚಿನ ಕಾಲಿಗೆ ಬಿಗಿದು, ಬೀಗ ಹಾಕಿ, ಹೀರೋ ತರಹ ನಿಂತರು. ಅಷ್ಟರಲ್ಲಿ ಯಾರೋ ಅವರ ಜೇಬಿನಿಂದ ಕೀಲಿಕೈಯನ್ನೇ ಹಾರಿಸಿದ್ದರು! ರೈಲು ಬಂದೇಬಿಟ್ಟಿತು. ಇಬ್ಬರೂ ಜಗ್ಗಿದೆವು, ತುಕ್ಕು ಹಿಡಿದ ಬೆಂಚಿನ ಕಾಲೇ ಕಿತ್ತುಬಂತು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಪೊಲೀಸಪ್ಪ ಓಡಿಬಂದ.

"ಏನಮ್ಮಾ, ಸರ್ಕಾರಿ ಬೆಂಚು ಕದೀತೀರಾ?"

"ಹೊಸ ಸಂಸಾರ ಸಾರ್, ಕೂರೋಕೆ ಮನೇಲಿ ಏನೂ ಇಲ್ಲ!"

"ಹಂಗಾದ್ರೆ ಇನ್ನೂ ಮೂರು ಕಾಲಿದೆ, ಬಿಡುವಾದಾಗ ಬನ್ನಿ" ಎಂದು ನಗುತ್ತಾ ನಮ್ಮನ್ನು ರೈಲಿಗೆ ಹತ್ತಿಸಿದ.

ಸೀರೆಗಳು ಭದ್ರ. ನಮ್ಮವರಿಗೆ ಸೊಂಟ ಉಳುಕಿದೆ, ಎಣ್ಣೆ ತಿಕ್ಕುತ್ತಿದ್ದೇನೆ. ಅಪ್ಪನಿಗೆ ಸರಪಳಿ ತುಂಬಾ ಗಟ್ಟಿ ಎಂದಷ್ಟೇ ಹೇಳು. ಕಾರ್ಡು ತುಂಬಿತು!

ನಿನ್ನ ತಂಗಿ